ಹದಿನೈದು ನಿಮಿಷದ ಸನ್ಮಾನ

ಸಭೆಗೆ ಹೋದರೆ ತಲೆ ಎಣಿಸುವುದು ನನ್ನ ಅಭ್ಯಾಸ. ಹದಿನೈದನೆಯ ವಯಸ್ಸಿನಲ್ಲಿ ಧಾರವಾಡದಿಂದ ಲಂಡನ್ನಿಗೆ ಬಂದಾಗ ಇಲ್ಲಿಯವರ ಇಂಗ್ಲಿಷು ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಮಾತು ತಿಳಿಯದ ಕಡೆ ಜನರನ್ನು ಎಣಿಸುತ್ತ ಕೂತರೆ ಹೊತ್ತು ಹೋಗುತ್ತಿತ್ತು. ಆಮೇಲೆ ಮಾತು ತಿಳಿಯಿತು, ಎಣಿಕೆ ಬಿಡಲಿಲ್ಲ. ಮನೆಗೆ ಬಂದು ತಾರೀಖು ಹಾಕಿ ಬರೆದಿಡುತ್ತಿದ್ದೆ. ಆದ್ದರಿಂದ ೨೦೦೩ರ ಜನವರಿ ೧೪, ಮಂಗಳವಾರ, ನಮ್ಮ ಬೀದಿಯ ಪ್ರೈಮರಿ ಶಾಲೆಯ ಹಾಲಿನಲ್ಲಿ ಎಂಬತ್ತು ಕುರ್ಚಿ ಹಾಕಿದ್ದರು, ಹತ್ತೊಂಬತ್ತು ಜನ ಬಂದಿದ್ದರು, ಅವರಲ್ಲಿ ಕನ್ನಡದವರು ನಾನು ಮತ್ತು ಅಪ್ಪ ಇಬ್ಬರೇ ಎಂದು ಈಗಲೂ ಹೇಳಬಲ್ಲೆ.

ಅದು ಕೌನ್ಸಿಲ್, ಅಂದರೆ ಇಲ್ಲಿಯ ಮುನಿಸಿಪಾಲಿಟಿ, ಕರೆದ ಸಭೆ. ನಮ್ಮ ಏರಿಯಾ ಕಿಂಗ್ಸ್‌ಬರಿಯಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ, ಹೆಸರು ಬೇಡ. ಅಲ್ಲಿ ಮೂರು ಸಣ್ಣ ಲೈಬ್ರರಿಗಳಿದ್ದವು. ಒಂದನ್ನು ಮುಚ್ಚಿ, ಉಳಿದವನ್ನು ಸುಧಾರಿಸುತ್ತೇವೆ ಎಂದು ಲೈಬ್ರರಿಗಳ ಜವಾಬ್ದಾರಿ ಹೊತ್ತ ಕೌನ್ಸಿಲರ್ ಹೆಂಗಸು ಪರದೆಯ ಮೇಲೆ ಚಿತ್ರ ತೋರಿಸುತ್ತ ಹೇಳಿದಳು. ನಗುಮುಖದ, ಐವತ್ತರ ಆಸುಪಾಸಿನ ಹೆಂಗಸು. ಮುಚ್ಚುವುದು ಯಾವುದನ್ನು ಎಂಬುದು ಕೊನೆಯ ಚಿತ್ರದಲ್ಲಿತ್ತು. ಬಟ್ಟೆ ಒಗೆಯುವ ಅಂಗಡಿಗೂ ಚಿಪ್ಸ್ ಅಂಗಡಿಗೂ ನಡುವೆ ಇದ್ದ ನಮ್ಮದು. ಒಂದೇ ಹಾಲು, ಸದಾ ಕಾಯುವ ಹೀಟರು, ಗುಜರಾತಿಗೆ ಎಂಟು ಕಪಾಟು, ಕನ್ನಡಕ್ಕೆ ಎರಡು. ಮಾರ್ಚ್ ತಿಂಗಳ ಸಭೆಯಲ್ಲಿ ತೀರ್ಮಾನ.

ಲೈಬ್ರರಿ ಹೋದರೆ ನನಗೇನೂ ಆಗುತ್ತಿರಲಿಲ್ಲ, ಅಪ್ಪನಿಗೂ ಏನೂ ಆಗುತ್ತಿರಲಿಲ್ಲ. ಆಗುವುದಿದ್ದದ್ದು ನಮ್ಮವರಲ್ಲಿ ಒಬ್ಬರಿಗೆ. ಅಲ್ಲಿ ವಾರಕ್ಕೆ ಹದಿನಾರು ತಾಸು ಕೆಲಸಕ್ಕಿದ್ದ ವಿಜಯಪುರದ ಹೆಂಗಸಿಗೆ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಅನ್ನುತ್ತಾರೆ. ಪುಸ್ತಕಗಳ ನಡುವೆ ಕೂರುತ್ತಾರೆ ಅಂತ ಈಕೆಗೂ ಅದೇ ಹೆಸರು ಬಿದ್ದಿತ್ತು. ಕೆಲವರು ಅದನ್ನು ಗೌರವದಿಂದ ಅನ್ನುತ್ತಿದ್ದರು, ಹೆಚ್ಚಿನವರು ಚೇಷ್ಟೆಗೆ. ಗಂಡ ಕ್ರಾಯ್ಡನ್ನಿನಲ್ಲಿ ಇನ್ನೊಬ್ಬಳ ಜೊತೆ ಇದ್ದ. ಲೈಬ್ರರಿಗೆ ಮೊದಲು ಏಳು ವರ್ಷ ಅಕ್ಕೋರು ಫೆಲ್ಥಮ್ಮಿನ ಬಳಿ, ವಿಮಾನಗಳಿಗೆ ಊಟ ಕಟ್ಟಿಕೊಡುವ ಅಡುಗೆಮನೆಯಲ್ಲಿ ಇದ್ದರು. ಅಡುಗೆಮನೆ ಎಂದರೆ ಒಲೆ ಇರುವ ಜಾಗವಲ್ಲ. ಫ್ರಿಜ್ಜಿನೊಳಗೆ ನಿಂತಂಥ ಥಂಡಿ ಖೋಲಿ, ಸಾಲಾಗಿ ನಿಂತು ಟ್ರೇ ಜೋಡಿಸುವುದು. ಅಲ್ಲಿ ಬೆರಳಿನ ಕೀಲುಗಳು ಬಾತು ಸೊಟ್ಟಗಾದವು. ಲೈಬ್ರರಿಯ ಹೀಟರಿನ ಪಕ್ಕದಲ್ಲಿ ಕೂತ ಮೇಲೆ ಬಾವು ಇಳಿಯಿತು, ಸೊಟ್ಟ ಹಾಗೆಯೇ ಉಳಿಯಿತು. ಲೈಬ್ರರಿ ಮುಚ್ಚಿದರೆ ಅವರಿಗೆ ಮತ್ತೆ ಫೆಲ್ಥಮ್ಮೇ ಗತಿ. ಇದು ಗೊತ್ತಿಲ್ಲದವರು ನಮ್ಮ ಮಂದಿಯಲ್ಲಿ ಒಬ್ಬರೂ ಇರಲಿಲ್ಲ.

ಮರುದಿನ ಸಂಜೆ ಅಕ್ಕೋರು ಮನೆಗೆ ಬಂದರು. ಕೋಟು ಬಿಚ್ಚದೆ ಸೋಫಾದ ಅಂಚಿಗೆ ಕೂತರು.

"ಅಣ್ಣಾರ, ನಾ ಸಭಾದಾಗ ಬಾಯಿ ಬಿಡೂ ಹಂಗಿಲ್ರಿ. ಕೌನ್ಸಿಲ್ ಪಗಾರ ತಿನ್ನಾಕಿ. ಮಾತಾಡಬ್ಯಾಡ ಅಂತ ಮ್ಯಾನೇಜರ್ ಆಗಲೇ ಹೇಳ್ಯಾನ. ನಿಮ್ಮ ಮಂದಿ ಬಂದು ಕುಂತ್ರ ಸಾಕು. ಭಾಷಣ ಬ್ಯಾಡ. ಮುಚ್ಚಬ್ಯಾಡ್ರಿ ಅಂತ ಕೈ ಎತ್ತಿದ್ರ ಆತು."

"ಎಷ್ಟು ಮಂದಿ ಬೇಕ್ರಿ?"

"ಮೂವತ್ತು."

"ನಲವತ್ತು ತರ್ತೀನಿ ತೊಗೋರಿ," ಅಂದರು ಅಪ್ಪ. ಅಪ್ಪ ಯಾವತ್ತೂ ಕೇಳಿದ್ದಕ್ಕಿಂತ ಹತ್ತು ಹೆಚ್ಚಿಗೆ ಹೇಳುವವರು. "ಅಧ್ಯಕ್ಷರ ಕಿವಿಗೆ ಒಂದ ಮಾತು ಹಾಕಿದ್ರ ಮುಗೀತು."

ಅಧ್ಯಕ್ಷರು ಎಂದರೆ, ಅಪ್ಪ ಕಮಿಟಿಯಲ್ಲಿದ್ದ ನಮ್ಮ ಕನ್ನಡ ಸಂಘದ ಅಧ್ಯಕ್ಷರು. ಬೆಳಗಾವಿಯವರು, ಲೆಕ್ಕಪತ್ರದ ಕೆಲಸದಿಂದ ನಿವೃತ್ತರಾದವರು, ವೆಂಬ್ಲಿಯಲ್ಲಿ ಸ್ವಂತ ಮನೆ. ಜನವರಿ ೨೬, ಭಾನುವಾರ, ಅವರ ಮುಂದಿನ ಕೋಣೆಯಲ್ಲಿ ಕಮಿಟಿ ಕೂಡಿತು. ನಾನು ಸಭೆಯ ನಡಾವಳಿ ಬರೆಯಲು ಹೋಗಿದ್ದೆ. ಸಂಘದಲ್ಲಿ ಕನ್ನಡ ತಪ್ಪಿಲ್ಲದೆ ಬರೆಯಬಲ್ಲವಳು ನಾನೊಬ್ಬಳೇ ಎಂದು ಆ ಕೆಲಸ ನನಗೆ ಬಂದಿತ್ತು. ಅಕ್ಕೋರನ್ನು ವಿಷಯ ವಿವರಿಸಲು ಕರೆಸಿದ್ದರು. ಬಂದ ಕೂಡಲೇ ಅಧ್ಯಕ್ಷರ ಹೆಂಡತಿ ಅವರನ್ನು ಚಹಾ ಮಾಡಲು ಒಳಗೆ ಕರೆದೊಯ್ದರು. ವಿಷಯವನ್ನು ಅಪ್ಪ ವಿವರಿಸಿದರು.

"ಸರಕಾರಕ್ಕ ಬೈದು ಯಾರರ ಕೆಲಸ ಮಾಡಿಸ್ಕೊಂಡಾರೇನು?" ಅಂದರು ಅಧ್ಯಕ್ಷರು. "ಬೆಳಗಾವ್ಯಾಗ ಡಿ.ಸಿ. ಸಾಹೇಬ್ರು ಬಂದ್ರ ನಾವ್ ಏನ್ ಮಾಡ್ತಿದ್ವಿ? ಮೊದಲು ಶಾಲು, ಹಾರ, ಹಣ್ಣಿನ ಬುಟ್ಟಿ. ಆಮ್ಯಾಲೆ ಅರ್ಜಿ. ಶಾಲು ಹೊದ್ದವರಿಗೆ ಇಲ್ಲ ಅನ್ನಾಕ ಬಾಯಿ ಬರೂದಿಲ್ಲ. ಆ ಕೌನ್ಸಿಲರ್ ಮೇಡಂಗ ಒಂದು ಸನ್ಮಾನ ಮಾಡೂಣು."

ಎಲ್ಲರ ಮುಖವೂ ಅರಳಿತು. ಬೆಂಗಳೂರಿನವನಾದ ಕಾರ್ಯದರ್ಶಿ ಮುಂದೆ ಸರಿದು ಕೂತ. "ಸರ್, ಪೇಟ ಹಾಕ್ಬಿಡೋಣ. ನನ್ನ ಹತ್ರ ಒಂದು ಮೈಸೂರು ಪೇಟ ಇದೆ, ಹೊಸದು. ಫೋಟೋದಲ್ಲಿ ಚೆನ್ನಾಗಿ ಬರುತ್ತೆ."

"ಮೈಸೂರು ಪೇಟಾ ಯಾಕಪಾ? ನಮ್ಮ ಕಡೆ ರುಮಾಲು ಇಲ್ಲೇನು?"

"ರುಮಾಲು ಸುತ್ತೋಕೆ ಯಾರಿಗೆ ಬರುತ್ತೆ ಸರ್ ಇಲ್ಲಿ? ಅದೂ ಹೆಂಗಸರ ತಲೆಗೆ?"

"ಬರೂದಿಲ್ಲ ಅಂದ್ರ ಮೈಸೂರು ಆಗಬೇಕಂತ ಎಲ್ಲಿ ಬರದೈತಿ?"

ಇಲ್ಲಿಂದ ಮುಂದೆ ಕಮಿಟಿ ಎರಡು ಪಾಲಾಯಿತು. ಲೈಬ್ರರಿಯ ಮಾತು ಸುಮಾರು ಹತ್ತು ನಿಮಿಷ ನಡೆದಿತ್ತು. ತಲೆಗೆ ಏನು ಸುತ್ತಬೇಕೆಂಬ ಮಾತು ಒಂದು ತಾಸು ನಡೆಯಿತು. ನಾಲ್ವರು ಪೇಟದ ಕಡೆ, ನಾಲ್ವರು ರುಮಾಲಿನ ಕಡೆ. ಅಪ್ಪ ಯಾವ ಕಡೆಗೂ ಕೈ ಎತ್ತದೆ ಚೂಡಾ ತಿನ್ನುತ್ತಿದ್ದರು. ಕೊನೆಗೆ ಪೇಟ ಆಗಲಿ, ಶಾಲು ಮಾತ್ರ ಇಳಕಲ್ ದಡಿಯದೇ ಆಗಿರಲಿ ಎಂದು ರಾಜಿಯಾಯಿತು.

ಅಷ್ಟರಲ್ಲಿ ಅಕ್ಕೋರು ಚಹಾದ ತಾಟು ಹಿಡಿದು ಬಂದರು. ಒಳಗಿನಿಂದಲೇ ಎಲ್ಲ ಕೇಳಿಸಿಕೊಂಡಿದ್ದರು.

"ಅಧ್ಯಕ್ಷರ, ತಪ್ಪು ತಿಳೀಬ್ಯಾಡ್ರಿ. ಇಲ್ಲಿ ಮಂದಿ ಹಾರ ಹಾಕಿದ್ರ ಒಪ್ಪಿಗಿ ಅಂತ ತಿಳೀತಾರ. ಅರ್ಜಿ ಮೊದಲು ಕೊಡ್ರಿ. ಬೇಕಾದ್ರ ಆಮ್ಯಾಲೆ ಹಾರ ಹಾಕ್ರಿ."

ಅಧ್ಯಕ್ಷರು ಒಂದು ಗುಟುಕು ಕುಡಿದು ಕಪ್ಪನ್ನು ನೋಡಿದರು. "ಅಕ್ಕೋರ, ಪುಸ್ತಕದ ಮ್ಯಾಲಿನ ಧೂಳು ನಿಮಗ ಗೊತ್ತು. ಮಂದಿ ನನಗ ಗೊತ್ತು. ಚಹಾದಾಗ ಸಕ್ರಿ ಕಡಿಮಿ ಆಗೇತಿ ನೋಡ್ರಿ."

ಅಕ್ಕೋರು ಸಕ್ಕರೆ ತರಲು ತಿರುಗಿದರು. ಅಡುಗೆಮನೆಯ ಬಾಗಿಲು ಮುಚ್ಚಿಕೊಳ್ಳುವ ಮೊದಲೇ ಅಧ್ಯಕ್ಷರು, ದನಿ ತಗ್ಗಿಸುವ ಕಷ್ಟವನ್ನೂ ತೆಗೆದುಕೊಳ್ಳದೆ, "ಗಂಡನ್ನ ಮನಿಯಾಗ ಇಟ್ಕೊಳ್ಳೂದು ಗೊತ್ತಾಗಲಿಲ್ಲ, ಬಂದಾಳ ನಮಗ ಕೌನ್ಸಿಲ್ ಕಲಿಸಾಕ," ಅಂದರು. ನನ್ನನ್ನು ಬಿಟ್ಟು ಕೋಣೆಯಲ್ಲಿದ್ದ ಒಂಬತ್ತು ಜನರಲ್ಲಿ ಏಳು ಜನ ನಕ್ಕರು. ಅಪ್ಪ ಆ ಏಳರಲ್ಲಿ ಒಬ್ಬರು. ಅಕ್ಕೋರು ಸಕ್ಕರೆಯ ಡಬ್ಬಿ ತಂದು, ಅಧ್ಯಕ್ಷರ ಕಪ್ಪಿಗೆ ಒಂದು ಚಮಚ ಹಾಕಿ ಕಲಸಿ, "ಸಾಕೇನ್ರಿ?" ಎಂದು ಕೇಳಿದರು. ಮೂವತ್ತು ತಲೆ ಬೇಕಾಗಿದ್ದವಳು ಇನ್ನೇನು ಕೇಳಬಹುದಿತ್ತು?

ಬಿಳಿಯರ ಕಡೆಯಿಂದ ಲೈಬ್ರರಿಯ ಪರವಾಗಿ ಓಡಾಡುತ್ತಿದ್ದವನು ಒಬ್ಬ ಮುದುಕ. ಬೆಂಕಿ ಆರಿಸುವ ದಳದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು. ದಿನಾ ಬೆಳಿಗ್ಗೆ ಪೇಪರು ಓದಲು ಲೈಬ್ರರಿಗೆ ಬರುತ್ತಿದ್ದ; ಅಕ್ಕೋರ ಜೊತೆ ಹವಾಮಾನ ಬಿಟ್ಟು ಬೇರೇನೂ ಮಾತಾಡುತ್ತಿರಲಿಲ್ಲ. ಮಾರ್ಚ್ ಸಭೆಯಲ್ಲಿ ಸಾರ್ವಜನಿಕರ ಮಾತಿಗೆ ಹದಿನೈದು ನಿಮಿಷ ಕೊಡುತ್ತಾರೆ, ಆ ಹೊತ್ತನ್ನು ಮೊದಲೇ ಬರೆಸಿಡಬೇಕು ಎಂಬುದು ಅವನಿಗೆ ತಿಳಿದಿತ್ತು. ಬರೆಸಿಟ್ಟಿದ್ದ. ಆ ಲೈಬ್ರರಿಯ ಜಾಗವನ್ನು ಹಿಂದೆ ಯಾರೋ ದಾನ ಕೊಟ್ಟಿದ್ದರು. ಇಲ್ಲಿ ಲೈಬ್ರರಿಯೇ ಇರಬೇಕೆಂದು ಕೊಟ್ಟಾಗ ಹಾಕಿದ ಷರತ್ತಿನ ಬಗ್ಗೆ ಅವನು ಒಂದೇ ಒಂದು ಪ್ರಶ್ನೆ ಕೇಳುವವನಿದ್ದ. ಪ್ರಶ್ನೆ ಸಭೆಯಲ್ಲಿ ದಾಖಲಾದರೆ ವಕೀಲರ ಉತ್ತರ ಬರುವವರೆಗೆ ಓಟು ಹಾಕುವಂತಿಲ್ಲ. ಆದರೆ ಅವನ ಹಿಂದೆ ಇದ್ದದ್ದು ಒಂಬತ್ತು ಜನ. ನಾವು ನಲವತ್ತು ಎಂದು ಕೇಳಿ, ಅವನೇ ಅಪ್ಪನನ್ನು ಹುಡುಕಿಕೊಂಡು ಬಂದ.

"ಮೊದಲು ನೀವು ಮಾತಾಡಿ. ಮೂರು ನಿಮಿಷ ಸಾಕು. ನಿಮ್ಮ ಜನ ಎದ್ದು ನಿಂತದ್ದನ್ನು ಆ ಕೌನ್ಸಿಲರ್ ನೋಡಲಿ. ಆಮೇಲೆ ನಾನು ಕೇಳುತ್ತೇನೆ. ಒಂದು ಮಾತು, ಅವರು ಏನೇ ಹೇಳಿದರೂ ಚಪ್ಪಾಳೆ ಹೊಡೆಯಬೇಡಿ."

ಅಪ್ಪ ತಲೆಯಾಡಿಸಿದರು. ಸನ್ಮಾನದ ವಿಷಯ ಅವನಿಗೆ ಹೇಳಲಿಲ್ಲ. ಆಶ್ಚರ್ಯವಾಗಲಿ ಎಂದು ಅಧ್ಯಕ್ಷರ ಅಪ್ಪಣೆಯಿತ್ತು.

ಹಾರ ಕಟ್ಟಿದ್ದು ಅಕ್ಕೋರು. ಈಲಿಂಗ್ ರೋಡಿನ ಅಂಗಡಿಯ ಹಾರ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ, ಮನೆಯಲ್ಲಿ ಕಟ್ಟಿದ್ದೇ ಆಗಬೇಕು ಎಂದು ಅಧ್ಯಕ್ಷರು ಬಕೆಟ್ ತುಂಬ ಕಾರ್ನೇಶನ್ ಕಳಿಸಿದ್ದರು. ಸಭೆಯ ದಿನ ಮಧ್ಯಾಹ್ನ ನಾನು ಹೋದಾಗ ಅಕ್ಕೋರು ನೆಲದ ಮೇಲೆ ಕೂತು, ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಗಂಟು ಹಾಕುತ್ತಿದ್ದರು. ಸೊಟ್ಟಗಾದ ಹೆಬ್ಬೆರಳು ಮಡಚುತ್ತಿರಲಿಲ್ಲ, ಅದಕ್ಕೆ ಹಲ್ಲು. ನಾನು ಕಟ್ಟಿಕೊಡುತ್ತೇನೆ ಎಂದೆ. "ಬ್ಯಾಡ ತಂಗಿ. ಹೂವು ಉದುರಿದ್ರ ನನ್ನ ಮ್ಯಾಲೆ ಬರತೈತಿ," ಅಂದರು. ಸಂಜೆ ಅಧ್ಯಕ್ಷರು ಹಾರ ಎತ್ತಿ ನೋಡಿ, "ಸ್ವಲ್ಪ ಸಡಿಲ ಆಗೇತಿ. ಇರಲಿ," ಅಂದರು.

ಮಾರ್ಚ್ ೧೧, ಮಂಗಳವಾರ. ಅದೇ ಹಾಲು. ಒಟ್ಟು ಅರವತ್ತೆಂಟು ಜನ, ನಮ್ಮವರು ಮೂವತ್ತಾರು. ಅಪ್ಪ ಹೇಳಿದ್ದಕ್ಕಿಂತ ನಾಲ್ಕು ಕಡಿಮೆ, ಅಕ್ಕೋರು ಕೇಳಿದ್ದಕ್ಕಿಂತ ಆರು ಹೆಚ್ಚು. ಹೆಂಗಸರು ರೇಶಿಮೆ ಸೀರೆಯ ಮೇಲೆ ದಪ್ಪ ಕೋಟು ಹಾಕಿಕೊಂಡು ಬಂದಿದ್ದರು. ಅಕ್ಕೋರು ಕೊನೆಯ ಸಾಲಿನಲ್ಲಿ ಮ್ಯಾನೇಜರನ ಪಕ್ಕ, ಕೊರಳಿಗೆ ಕೌನ್ಸಿಲ್ ಬಿಲ್ಲೆ ತೂಗುಹಾಕಿಕೊಂಡು ಕೂತಿದ್ದರು.

ಕೌನ್ಸಿಲರ್ ಎದ್ದು ಮಾತಾಡಲು ಶುರುಮಾಡಿದಾಗ ಬಿಳಿಯರ ಸಾಲಿನಿಂದ ಕೂಗು ಎದ್ದಿತು. ಯಾರೋ "ನಾಚಿಕೆಯಾಗಬೇಕು" ಎಂದರು. ಅವಳ ಕುತ್ತಿಗೆ ಕೆಂಪಾಯಿತು, ಓದಿದ ಸಾಲನ್ನೇ ಮತ್ತೆ ಓದಿದಳು. ಅಂಥ ಹೊತ್ತಿನಲ್ಲಿ ಸಭೆಯ ಅಧ್ಯಕ್ಷತೆ ವಹಿಸಿದವನು ಗಡಿಯಾರ ನೋಡಿ, ಸಾರ್ವಜನಿಕರ ಹದಿನೈದು ನಿಮಿಷ ಈಗ ಶುರು ಎಂದ. ಮುದುಕ ನಮ್ಮ ಕಡೆ ತಿರುಗಿ ಕೈ ತೋರಿಸಿದ.

ನಮ್ಮ ಅಧ್ಯಕ್ಷರು ಎದ್ದು ಮೈಕಿನ ಮುಂದೆ ನಿಂತು, "ಮೊದಲಿಗೆ ಪ್ರಾರ್ಥನೆ," ಅಂದರು.

ಪ್ರಾರ್ಥನೆ ಇಲ್ಲದೆ ನಮ್ಮಲ್ಲಿ ಯಾವ ಸಭೆ ಶುರುವಾದೀತು? ಇಬ್ಬರು ಹುಡುಗಿಯರು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಿದ್ದ ಗಣಪತಿಯ ಹಾಡನ್ನು ಹೇಳಿದರು. ಮೂರು ಚರಣ. ನಮ್ಮವರು ಎದ್ದು ನಿಂತರು. ಅದನ್ನು ನೋಡಿ ಬಿಳಿಯರೂ, ಯಾವುದೋ ರಾಷ್ಟ್ರಗೀತೆಯಿರಬೇಕೆಂದು, ಎದ್ದು ನಿಂತರು. ಆಮೇಲೆ ಕಾರ್ಯದರ್ಶಿಯ ಸ್ವಾಗತ. ಸಭೆಯ ಅಧ್ಯಕ್ಷರಿಗೆ, ಕೌನ್ಸಿಲರಿಗೆ, ಅಧಿಕಾರಿಗಳಿಗೆ, ಶಾಲೆಯ ಹೆಡ್ ಟೀಚರಿಗೆ, ಹಾಲಿನ ಬೀಗ ತೆರೆದವನಿಗೆ. ಆಮೇಲೆ ನಮ್ಮ ಅಧ್ಯಕ್ಷರ ಇಂಗ್ಲಿಷ್ ಭಾಷಣ. ಕರ್ನಾಟಕದ ಇತಿಹಾಸ ಮುಗಿಸಿ ಕೌನ್ಸಿಲರಿಗೆ ಬಂದರು. "ಮೇಡಂ, ನೀವು ನಮಗೆ ತಾಯಿ ಇದ್ದ ಹಾಗೆ. ತಾಯಿ ಏನು ಮಾಡಿದರೂ ಮಕ್ಕಳ ಒಳ್ಳೆಯದಕ್ಕೇ. ನಮ್ಮ ಸಮಾಜ ಎಂದೆಂದಿಗೂ ಕೌನ್ಸಿಲಿನ ಜೊತೆಗಿದೆ."

ಹಿಂತಿರುಗಿ ನೋಡಿದೆ. ಮ್ಯಾನೇಜರ್ ಅಕ್ಕೋರ ಕಡೆ ವಾಲಿ ಏನೋ ಹೇಳುತ್ತಿದ್ದ, ನಗುತ್ತಿದ್ದ. ಅಕ್ಕೋರು ನೆಟ್ಟಗೆ ಮುಂದೆ ನೋಡುತ್ತಿದ್ದರು.

ಶಾಲು ಹೊದಿಸಿದರು. ಹಾರ ಹಾಕಿದರು. ತಲೆಗೆ ಪೇಟ ಇಟ್ಟರು. ಅದು ಗಂಡಸಿನ ಅಳತೆಯದು, ಹುಬ್ಬಿನವರೆಗೆ ಇಳಿಯಿತು. ನಮ್ಮ ಮೂವತ್ತಾರು ಜನ ಚಪ್ಪಾಳೆ ಹೊಡೆದರು. ಹತ್ತು ನಿಮಿಷದ ಹಿಂದೆ ಸಾಲು ತಪ್ಪುತ್ತಿದ್ದ ಹೆಂಗಸು ಈಗ ಎರಡೂ ಕೈ ಜೋಡಿಸಿ ಗೊಂಬೆಯ ಹಾಗೆ ನಗುತ್ತಿದ್ದಳು. ಕಾರ್ಯದರ್ಶಿ ಫೋಟೋ ತೆಗೆದ. ಫ್ಲ್ಯಾಶ್ ಹೊತ್ತಲಿಲ್ಲ.

"ಸರ್, ಬಂದಿಲ್ಲ. ಇನ್ನೊಂದ್ಸಲ."

ಶಾಲು ತೆಗೆದರು, ಹಾರ ತೆಗೆದರು, ಪೇಟ ತೆಗೆದರು. ಮೊದಲಿನಿಂದ ಮತ್ತೆ ಹೊದಿಸಿದರು, ಹಾಕಿದರು, ಇಟ್ಟರು. ಎರಡನೆಯ ಸಲಕ್ಕೆ ಕೌನ್ಸಿಲಿನ ಫೋಟೋಗ್ರಾಫರನೂ ಬಂದು ಪಕ್ಕದಲ್ಲಿ ನಿಂತ. ಹಣ್ಣಿನ ಬುಟ್ಟಿ ಕೊಟ್ಟರು. ಅರ್ಜಿ ಕೋಟಿನ ಒಳಜೇಬಿನಲ್ಲಿತ್ತು. ಅಧ್ಯಕ್ಷರು ಅದನ್ನು ಹೊರಗೆಳೆದು, ಕನ್ನಡಕ ಹುಡುಕಿ, "ಮೇಡಂ, ಒಂದು ಸಣ್ಣ ವಿನಂತಿ," ಎನ್ನುವಷ್ಟರಲ್ಲಿ ಗಂಟೆ ಹೊಡೆಯಿತು. ಹದಿನೈದು ನಿಮಿಷ ಮುಗಿದಿತ್ತು.

ಮುದುಕ ಎದ್ದು ನಿಂತಿದ್ದ. ನನ್ನದು ಒಂದೇ ಪ್ರಶ್ನೆ ಎಂದ. ಹೊತ್ತಾಯಿತು, ನಿಯಮ ನಿಯಮವೇ ಎಂದ ಸಭೆಯ ಅಧ್ಯಕ್ಷ. ಇಂಥ ಪ್ರೀತಿಯ ನಂತರ ಜಗಳ ಬೇಡವೆಂದು ಕೌನ್ಸಿಲರ್ ಪೇಟದ ಕೆಳಗಿನಿಂದ ಹೇಳಿದಳು. ಸಭಿಕರು ನಕ್ಕರು. ಕೌನ್ಸಿಲ್ ಸದಸ್ಯರ ಓಟಾಯಿತು: ಮುಚ್ಚಲು ಎಂಟು, ಬೇಡವೆಂದು ಮೂರು.

ಹೊರಗೆ ಕಾರ್ ಪಾರ್ಕಿನಲ್ಲಿ ಮುದುಕ ಅಪ್ಪನ ಮುಂದೆ ಬಂದು ನಿಂತ. "ಮೂವತ್ತು ವರ್ಷದಲ್ಲಿ ಎಷ್ಟೋ ಬೆಂಕಿ ನೋಡಿದ್ದೇನೆ. ನೀರಿನ ಕೊಳವೆ ಕೈಗೆ ಕೊಟ್ಟರೆ ಅದರ ಮೇಲೆ ನಿಂತು ಹಾಡು ಹೇಳಿದವರನ್ನು ಇವತ್ತೇ ನೋಡಿದ್ದು," ಅಂದ. ಅಪ್ಪನಿಗೆ ತಿಳಿಯಲಿಲ್ಲವೋ, ತಿಳಿಯದವರಂತೆ ನಿಂತರೋ. "ಥ್ಯಾಂಕ್ಯೂ," ಅಂದರು.

ಕೌನ್ಸಿಲ್ ಮನೆಮನೆಗೆ ಹಂಚುವ ಪತ್ರಿಕೆಯ ಏಪ್ರಿಲ್ ಸಂಚಿಕೆಯಲ್ಲಿ ಫೋಟೋ ಬಂತು. ಪೇಟ ಹಾಕಿದ ಕೌನ್ಸಿಲರ್, ಪಕ್ಕದಲ್ಲಿ ಎದೆಯುಬ್ಬಿಸಿದ ನಮ್ಮ ಅಧ್ಯಕ್ಷರು. ಲೈಬ್ರರಿಗಳ ಹೊಸ ವ್ಯವಸ್ಥೆಯನ್ನು ಸ್ಥಳೀಯ ಸಮುದಾಯ ಸ್ವಾಗತಿಸಿದೆ ಎಂದು ಕೆಳಗೆ ಬರೆದಿತ್ತು. ಅಧ್ಯಕ್ಷರು ಕೆಳಗಿನದನ್ನು ಓದಿದರೋ ಇಲ್ಲವೋ. ಪತ್ರಿಕೆಯ ಇಪ್ಪತ್ತು ಪ್ರತಿ ತರಿಸಿ ಊರಿಗೆ ಕಳಿಸಿದರು.

ಲೈಬ್ರರಿಯಲ್ಲಿ ಸಹಾಯಕರು ಮೂವರು. ಉಳಿಸಿಕೊಂಡ ಎರಡು ಲೈಬ್ರರಿಗಳಲ್ಲಿ ಜಾಗವಿದ್ದದ್ದು ಇಬ್ಬರಿಗೆ. ಸಂದರ್ಶನದ ದಿನ ಅಕ್ಕೋರು, ತಾವು ಹೋದರೆ ಕನ್ನಡ ಓದುವವರನ್ನು ನೋಡಿಕೊಳ್ಳುವವರು ಯಾರೂ ಇರುವುದಿಲ್ಲ, ನಮ್ಮ ಜನಕ್ಕೆ ತೊಂದರೆಯಾಗುತ್ತದೆ ಎಂದರಂತೆ. ಮ್ಯಾನೇಜರ್ ಮೇಜಿನ ಮೇಲಿದ್ದ ಪತ್ರಿಕೆಯನ್ನು ಅವರ ಕಡೆ ತಿರುಗಿಸಿ ಇಟ್ಟನಂತೆ. "ನಿಮ್ಮ ಜನ ಸಂತೋಷವಾಗಿಯೇ ಇದ್ದಾರಲ್ಲ," ಎಂದನಂತೆ. ಉಳಿದ ಇಬ್ಬರಿಗೆ ಕೆಲಸ ಸಿಕ್ಕಿತು.

ಫೆಲ್ಥಮ್ಮಿನಲ್ಲಿ ಮತ್ತೆ ಸೇರಬೇಕಾದರೆ ಕೈ ಪರೀಕ್ಷೆ ಮಾಡುತ್ತಾರೆ. ಮೇ ತಿಂಗಳ ಒಂದು ಬೆಳಿಗ್ಗೆ ರಜೆ ಹಾಕಿ ನಾನೂ ಜೊತೆಗೆ ಹೋಗಿದ್ದೆ. ನರ್ಸಿನ ಕೋಣೆಗೆ ಹೋಗುವ ಮೊದಲು ಅಕ್ಕೋರು ಕಕ್ಕಸಿನ ಕೊಠಡಿಗೆ ಹೋಗಿ, ಬಿಸಿನೀರಿನ ನಲ್ಲಿಯ ಕೆಳಗೆ ಎರಡೂ ಕೈ ಹಿಡಿದು ನಿಂತರು. ಉಗಿ ಏಳುತ್ತಿತ್ತು. ಚರ್ಮ ಕೆಂಪಾದರೂ ಕೈ ತೆಗೆಯಲಿಲ್ಲ.

"ಸುಡತೈತಿ, ತೆಗೀರಿ," ಅಂದೆ.

"ಸುಟ್ರ ಮಡಚ್ತಾವ," ಅಂದರು.

ಒರೆಸಿಕೊಂಡು ಒಳಗೆ ಹೋದರು. ಮುಷ್ಟಿ ಕಟ್ಟು ಎಂದರೆ ಕಟ್ಟಿದರು, ಬಿಡು ಎಂದರೆ ಬಿಟ್ಟರು. ಪಾಸಾಯಿತು. ಬಸ್ಸಿನಲ್ಲಿ ಕೂತಾಗ ಬೆರಳುಗಳು ಮತ್ತೆ ಬಿಗಿದುಕೊಂಡಿದ್ದವು. ಟಿಕೆಟನ್ನು ನಾನೇ ತೆಗೆದೆ.

ತಿಂಗಳಾದ ಮೇಲೆ ಒಂದು ಶನಿವಾರ ಈಲಿಂಗ್ ರೋಡಿನಲ್ಲಿ ನಾವಿಬ್ಬರೂ ತರಕಾರಿ ಆರಿಸುತ್ತಿದ್ದಾಗ ಅಧ್ಯಕ್ಷರು ಸಿಕ್ಕರು.

"ಏನ್ ಅಕ್ಕೋರ! ಕೆಲಸ ಸಿಕ್ಕತಂತಲ್ಲ, ಬಹಳ ಸಂತೋಷ ಆತು. ಲೈಬ್ರರ್ಯಾಗ ಹದಿನಾರು ತಾಸು, ಅಲ್ಲಿ ನಲವತ್ತು. ಲಾಭನ ಆತು ನೋಡ್ರಿ."

"ಹೌದ್ರಿ. ಲಾಭನ."

"ಒಂದು ಕೆಲಸ ಆಗಬೇಕಿತ್ತು. ನನ್ನ ಸೊಸಿ ತಂಗಿ ಬಂದಾಳ ಊರಿಂದ. ಮನ್ಯಾಗ ಕುಂತು ಬ್ಯಾಸರ ಆಗೇತಿ ಅಂತಾಳ. ಅಲ್ಲಿ ನೀವು ಒಂದ ಮಾತು ಹೇಳಿದ್ರ..."

ಅಕ್ಕೋರು ಕೈಯಲ್ಲಿದ್ದ ಬದನೆಕಾಯಿಯನ್ನು ತಿರುಗಿಸಿ ನೋಡಿದರು. "ಕೈ ಚಲೋ ಅದಾವೇನ್ರಿ ಆಕೀವು?"

"ಚಲೋ ಅಂದ್ರ? ಕಸೂತಿ ಹಾಕ್ತಾಳ್ರಿ! ಸೀರಿ ತುಂಬ ಹಾಕ್ಯಾಳ. ಹಿಂದ ನೋಡಿದ್ರೂ ಒಂದ, ಮುಂದ ನೋಡಿದ್ರೂ ಒಂದ."

"ಹಂಗಾದ್ರ ಕಳಸ್ರಿ," ಅಂದರು ಅಕ್ಕೋರು. "ಅಂಥಾವ ಬೇಕು ಅಲ್ಲಿ."

ಹುಡುಗಿ ಸೇರಿದಳು. ಇಪ್ಪತ್ತೆರಡು ವರ್ಷ, ನನಗಿಂತ ಒಂದು ವರ್ಷ ಸಣ್ಣವಳು. ಅಕ್ಕೋರೇ ಪಕ್ಕದಲ್ಲಿ ನಿಲ್ಲಿಸಿಕೊಂಡು ಟ್ರೇ ಜೋಡಿಸುವುದನ್ನು ಕಲಿಸಿದರು. ಪ್ಲಾಸ್ಟಿಕ್ಕಿನ ಕೈಗವಸಿನ ಒಳಗೆ ಹತ್ತಿಯದೊಂದು ಹಾಕಿಕೊಂಡರೆ ಥಂಡಿ ಕೀಲಿಗೆ ಇಳಿಯುವುದು ತಡವಾಗುತ್ತದೆ ಎಂದು ಅಲ್ಲಿಯ ಹಳಬರೆಲ್ಲರಿಗೂ ಗೊತ್ತು. ಚಳಿಗಾಲ ಬಂದಾಗ ಹುಡುಗಿ ಸಂಘದ ಕಾರ್ಯಕ್ರಮಕ್ಕೆ ಬಂದಿದ್ದಳು. ತಟ್ಟೆಯಲ್ಲಿ ರೊಟ್ಟಿ ಮುರಿಯಲು ಬೆರಳು ಮಡಚದೆ ಅಂಗೈಯಿಂದ ಅದನ್ನು ಹಿಚುಕುತ್ತಿದ್ದಳು. ಹತ್ತಿಯ ಕೈಗವಸಿನ ಮಾತು ಅವಳಿಗೆ ಹೇಳಲಿಲ್ಲವೇನು ಎಂದು ಅಕ್ಕೋರನ್ನು ಕೇಳಿದೆ.

"ಇಲ್ಲ," ಅಂದರು, ಅವಳನ್ನೇ ನೋಡುತ್ತ. "ಆಕಿ ಕೇಳಲಿಲ್ಲ."